ಅಂಗೈಯಲ್ಲಿ ಹೆಪ್ಪುಗಟ್ಟಿದ ಹಸಿರು

"ನಾಳೆ ಅಮಾವಾಸ್ಯೆ ಅಂಕಲ್. ಅದು ದಾಟಿ ಅಪ್ಪ ಉಳಿಯುದಿಲ್ಲಂತೆ. ಅವರೇ ಹೇಳ್ತಾರೆ, ಪಂಚಾಂಗ ಓದಿದ ಹಾಗೆ," ಎಂದಳು ಪ್ರಣಮ್ಯಾ.

ನುಂಗಂಬಾಕ್ಕಂನ ಆ ಮನೆಗೆ ಕಷ್ಟ ಹೊತ್ತು ಬರುವವರು ಹೊಸಬರೇನಲ್ಲ. ಮೈಸೂರಿನಲ್ಲಿ ಪೊಲೀಸ್ ಪತ್ತೇದಾರರಾಗಿದ್ದ ಶಿವರಾಮು ನಿವೃತ್ತರಾಗಿ ಅಣ್ಣನ ಮಗಳು ಮಾನಸಳ ಮನೆಯಲ್ಲಿ ನೆಲೆಸಿದ ಮೇಲೆ, ಆ ತಮಿಳು ಊರಿನ ಕನ್ನಡದವರಿಗೆಲ್ಲ ಅದೇ ದೂರು ಕೊಡುವ ಜಾಗವಾಗಿತ್ತು. ಮಾನಸ ಫಿಸಿಯೋಥೆರಪಿಸ್ಟ್. ಚಿಕ್ಕಪ್ಪನ ಹಿಂದೆ ಅಲೆಯಬೇಡ ಎಂದು ಗಂಡ ಹೇಳಿದಷ್ಟೂ ಅಲೆಯುವವಳು.

"ಡಾಕ್ಟರು ಏನಂದ್ರಮ್ಮ?" ಶಿವರಾಮು ಕೇಳಿದರು.

"ಸ್ಕ್ಯಾನ್, ಬ್ಲಡ್, ಎಂಡೋಸ್ಕೋಪಿ ಎಲ್ಲ ನಾರ್ಮಲ್. ಆದ್ರೆ ಅಪ್ಪ ಸಾಪ್ಪಾಡು ಮುಟ್ಟುದೇ ಇಲ್ಲ. ನೀರು ಕೂಡ ಗಂಟಲಲ್ಲಿ ನಿಲ್ತದೆ." ಹುಡುಗಿ ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡಳು. "ಅಪ್ಪನಿಗೆ ಕೈಮದ್ದು ಹಾಕಿದ್ದಾರಂತೆ."

ಕೈಮದ್ದಿನ ಮಾತು ಮಾನಸಳಿಗೂ ಗೊತ್ತಿತ್ತು. ಅನ್ನದಲ್ಲೋ ಕಾಫಿಯಲ್ಲೋ ಗೊತ್ತಾಗದಂತೆ ಏನನ್ನೋ ಬೆರೆಸಿ ಕೊಟ್ಟರೆ ಅದು ಹೊಟ್ಟೆಯಲ್ಲೇ ಕೂತು ಮನುಷ್ಯನನ್ನು ಒಣಗಿಸುತ್ತದೆಂಬ ನಂಬಿಕೆ. ಅವಳ ಅಜ್ಜಿ ಬೇರೆಯವರ ಮನೆಯಲ್ಲಿ ನೀರನ್ನೂ ಕುಡಿಯುತ್ತಿರಲಿಲ್ಲ.

ಪ್ರಣಮ್ಯಾಳ ತಂದೆ ಸದಾನಂದರು ಪ್ಯಾರೀಸ್ ಕಾರ್ನರ್ ಬಳಿಯ ಪಂಚಮಿ ಭವನದ ಮಾಲೀಕರು. ಹೋದ ತಿಂಗಳು ಯಾರೂ ಕರೆಸದ ಪಂಡಿತನೊಬ್ಬ ಬರಿಗೈಯಲ್ಲಿ ಹೋಟೆಲಿಗೆ ಬಂದು, ಕಾಫಿ ಕುಡಿದು, ಗಲ್ಲಾದಲ್ಲಿ ಕೂತಿದ್ದ ಅವರ ಮುಖ ನೋಡಿ ನಿಂತುಬಿಟ್ಟನಂತೆ. ಎಲ್ಲಿಂದಲೋ ಒಂದು ಲೋಟ ಸೊಪ್ಪಿನ ರಸ ತಂದು, ಅದು ಘಟ್ಟದ ಕಾಡಿನದ್ದೆಂದು ಹೇಳಿ ಅವರ ಅಂಗೈಗೆ ಸುರಿದನಂತೆ. ಎಲ್ಲರೂ ನೋಡುತ್ತಿದ್ದಂತೆ ರಸ ಮೊಸರಿನ ಹಾಗೆ ಗಟ್ಟಿಯಾಯಿತು. ಮದ್ದು ಒಳಗೆ ಹೋದವರ ಕೈಯಲ್ಲಿ ಮಾತ್ರ ಹಾಗಾಗುತ್ತದೆ, ಇದು ನಿಮಗೆ ದಿನಾ ಬಡಿಸುವ ಕೈಯ ಕೆಲಸ, ಆ ಕೈಯನ್ನು ದೂರ ಮಾಡದಿದ್ದರೆ ಮುಂದಿನ ಅಮಾವಾಸ್ಯೆ ದಾಟುವುದಿಲ್ಲ ಎಂದು ಹೇಳಿ ಹೋದವನು ಮತ್ತೆ ಕಾಣಲಿಲ್ಲ.

"ದಿನಾ ಬಡಿಸುವ ಕೈ ಯಾರದ್ದು?"

"ಐತಪ್ಪ ಮಾಮಂದು. ಹೋಟೆಲಿನ ಅಡುಗೆಯವರು, ಅಪ್ಪನೊಟ್ಟಿಗೆ ಊರಿಂದ ಬಂದವರು."

ಹೋಟೆಲಿನ ಮೇಲಿನ ಮನೆಯಲ್ಲಿ ಮಾನಸ ಸದಾನಂದರ ಮಂಚದ ಬಳಿ ಕೂತು ಅವರ ಮಣಿಕಟ್ಟು ಹಿಡಿದಳು. ಕೆನ್ನೆ ಒಳಗೆ ಹೋಗಿತ್ತು, ನಾಡಿ ಬಡಿತ ತೀರಾ ಕ್ಷೀಣವಾಗಿತ್ತು. ಅವಳು ಚಮಚೆಯಲ್ಲಿ ನೀರು ಕೊಟ್ಟಳು. ಅವರ ಗಂಟಲು ಬಿಗಿಯಿತು, ನೀರು ತುಟಿಯಿಂದ ಹೊರಗೆ ಬಂತು. ಇದು ನಾಟಕವಲ್ಲವೆಂದು ಅವಳಿಗೆ ಸ್ಪಷ್ಟವಾಯಿತು. ಆ ದೇಹ ನಿಜವಾಗಿಯೂ ಬಾಗಿಲು ಹಾಕಿಕೊಳ್ಳುತ್ತಿತ್ತು.

"ಐತಪ್ಪನನ್ನು ಕಳಿಸಿ ಅಂತ ಸಾವಿರ ಸಲ ಹೇಳಿದೆ," ಎಂದು ಹೆಂಡತಿ ಜಲಜಾಕ್ಷಿ ಬಾಗಿಲಲ್ಲೇ ನಿಂತು ಕೂಗಾಡಿದರು. "ಆ ಮನುಷ್ಯನ ನೆರಳು ಈ ಮನೆಗೆ ಬೇಡ. ಒಲೆ ಸಮೇತ ಮೇಲೆ ತಂದು ನಾನೇ ಅಡುಗೆ ಮಾಡ್ತಾ ಇದ್ದೇನೆ."

ಸದಾನಂದರು ಕಣ್ಣು ತೆರೆದರು. "ಅವನ ಕೈಯದ್ದು ಉಂಡೇ ನಾನು ಇಷ್ಟು ಆದದ್ದು. ಅವನೇ ಕೊಟ್ಟಿದ್ರೆ ಕೊಟ್ಟ. ನಾನು ಹೋಗ್ತೇನೆ. ಅವನನ್ನು ಹೊರಗೆ ಹಾಕ್ಲಿಕ್ಕೆ ನನ್ನಿಂದಾಗುದಿಲ್ಲ."

ಮದ್ದು ಹಾಕಿದ ಎಂದು ಪೂರ್ತಿ ನಂಬಿಯೂ ಗೆಳೆಯನನ್ನು ಬಿಟ್ಟುಕೊಡದ ಈ ಮನುಷ್ಯನ ಮೇಲೆ ಮಾನಸಳಿಗೆ ಸಿಟ್ಟೂ ಬಂತು, ಪ್ರೀತಿಯೂ ಬಂತು.

ಕೆಳಗೆ ಅಡುಗೆಮನೆಯಲ್ಲಿ ಐತಪ್ಪ ಒಬ್ಬನೇ ಎಣ್ಣೆ ಬಾಣಲೆಯ ಮುಂದೆ ನಿಂತಿದ್ದ. ವಿಷಯ ತಿಳಿಯದ ಗಿರಾಕಿಗಳು ಚಪ್ಪರಿಸಿ ತಿನ್ನುತ್ತಿದ್ದರು. ಬಡಿಸುವ ಹುಡುಗರು ಮಾತ್ರ ಮಧ್ಯಾಹ್ನದ ಊಟಕ್ಕೆ ಎದುರಿನ ಮೆಸ್ಸಿನಿಂದ ಪೊಟ್ಟಣ ತರಿಸಿದ್ದರು.

"ಹೋಗ್ತೇನೆ ಅಂದ್ರೆ ಅವ ಬಿಡುದಿಲ್ಲ. ಇದ್ರೆ ಯಾರೂ ಮುಖ ನೋಡುದಿಲ್ಲ," ಎಂದ ಐತಪ್ಪ. "ನನ್ನ ಕೈ ಕಡಿದು ಕೊಟ್ರೆ ಸದಾನಂದ ಉಣ್ತಾನಾ, ಕೇಳಿ ನೋಡಿ."

ಅಷ್ಟರಲ್ಲಿ ಸದಾನಂದರ ಅಕ್ಕನ ಮಗ ಸಂದೇಶ್ ಒಳಗೆ ಬಂದ. ಹೋಟೆಲಿನ ಮ್ಯಾನೇಜರು ಅವನೇ. ತಟ್ಟೆಯಲ್ಲಿದ್ದ ಬಿಸಿ ಗೋಳಿಬಜೆಯೊಂದನ್ನು ಎತ್ತಿ ಊದಿಕೊಂಡು ಬಾಯಿಗೆ ಹಾಕಿಕೊಂಡ. "ಐತಪ್ಪಣ್ಣ, ಒಂದು ಕಾಫಿ," ಎಂದವನು ಶಿವರಾಮು ಅವರತ್ತ ತಿರುಗಿದ. "ನಾನು ಇವರನ್ನು ದೂರುದಿಲ್ಲ ಸಾರ್. ಸ್ವಲ್ಪ ಕಾಲ ಊರಿಗೆ ಹೋಗಿ ಬರ್ಲಿ ಅಂತ. ಅತ್ತೆಗಾದ್ರೂ ಸಮಾಧಾನ."

ಕಾಫಿ ಬಂತು. ಅವನು ಕೊನೆಯ ಗುಟುಕಿನವರೆಗೂ ಕುಡಿದು ಲೋಟ ಇಟ್ಟ.

ಶಿವರಾಮು ಹಿತ್ತಿಲಿಗೆ ನಡೆದರು. ಕಾಂಪೌಂಡಿನ ತಂತಿಬೇಲಿಯ ತುಂಬ ಕಾಡುಬಳ್ಳಿಯೊಂದು ಹಬ್ಬಿತ್ತು. ಒಂದು ಕಡೆ, ಕೈಗೆಟುಕುವ ಎತ್ತರದಲ್ಲಿ, ಯಾರೋ ಎಲೆಗಳನ್ನೆಲ್ಲ ಕಿತ್ತುಕೊಂಡಿದ್ದರು. ಆ ಜಾಗದಲ್ಲಿ ಈಗಷ್ಟೇ ಎಳೆಯ ಚಿಗುರು ಬರುತ್ತಿತ್ತು. ಶಿವರಾಮು ಒಂದೆಲೆ ಹಿಚುಕಿ ನೋಡಿ, ಒಂದು ಹಿಡಿ ಕಿತ್ತು ಕರವಸ್ತ್ರದಲ್ಲಿ ಕಟ್ಟಿಕೊಂಡರು.

"ಯಾವ ಎಲೆ ಚಿಕ್ಕಪ್ಪ?"

"ಊಟದ ಗದ್ದಲ ಮುಗಿಯಲಿ ಕಣಮ್ಮ, ಹೇಳ್ತೀನಿ."

ಮಧ್ಯಾಹ್ನ ಹೋಟೆಲು ಖಾಲಿಯಾದ ಮೇಲೆ ಎಲ್ಲರೂ ಸದಾನಂದರ ಮಂಚದ ಸುತ್ತ ಸೇರಿದರು. ಐತಪ್ಪ ಹೊಸ್ತಿಲಾಚೆಯೇ ನಿಂತ. ಶಿವರಾಮು ಅವರ ಕೈಯಲ್ಲಿ ಹಸಿರು ರಸದ ಲೋಟವಿತ್ತು.

"ಪಂಡಿತ ಸದಾನಂದರನ್ನೊಬ್ಬರನ್ನೇ ನೋಡಿದ. ಮದ್ದು ಇನ್ಯಾರ ಹೊಟ್ಟೆಗೆ ಹೋಗಿದೆಯೋ ನೋಡಿಬಿಡೋಣ. ಕೈ ಒಡ್ಡಿ."

ಒಬ್ಬೊಬ್ಬರ ಅಂಗೈಗೂ ರಸ ಸುರಿದರು. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮಾನಸ ತನ್ನ ಅಂಗೈಯನ್ನೇ ನೋಡುತ್ತಿದ್ದಳು. ರಸ ಮೊದಲು ಮಂದವಾಯಿತು, ಮತ್ತೆ ನಡುಗಿತು, ಆಮೇಲೆ ಗಟ್ಟಿಯಾಗಿ ಕೂತುಬಿಟ್ಟಿತು. ಬೆಳಿಗ್ಗೆ ತಾನು ಎಲ್ಲಿ ಏನು ತಿಂದೆ ಎಂದು ಅವಳ ಮನಸ್ಸು ಹುಚ್ಚೆದ್ದು ಹುಡುಕಿತು. ಹೊಟ್ಟೆಯಲ್ಲಿ ಏನೋ ತಿರುಚಿದಂತಾಯಿತು. ಓದಿದ ಓದೆಲ್ಲ ಆ ಗಳಿಗೆಯಲ್ಲಿ ಅವಳ ನೆರವಿಗೆ ಬರಲಿಲ್ಲ.

"ಅಯ್ಯೋ ದೇವರೇ, ನನಗೂ ಹಾಕಿದ್ದಾರೆ!" ಎಂದು ಜಲಜಾಕ್ಷಿ ಕೈ ಕೊಡವಿದರು. ಪ್ರಣಮ್ಯಾ "ಅಮ್ಮಾ, ಎನಕ್ಕುಂ!" ಎಂದು ತಮಿಳಿನಲ್ಲೇ ಚೀರಿ, ತನ್ನ ಕೈಯನ್ನೂ ತೋರಿಸಿ ಗೋಡೆಗೊರಗಿದಳು. ಐತಪ್ಪ ಕಣ್ಣು ಮುಚ್ಚಿ ಊರಿನ ದೈವದ ಹೆಸರು ಹೇಳುತ್ತಿದ್ದ. ಸಂದೇಶ್ ಕೈಯನ್ನೊಮ್ಮೆ ನೋಡಿ, ಪಕ್ಕದ ಟವೆಲಿಗೆ ಒರೆಸಿಕೊಂಡು, ಮೊಬೈಲು ತೆಗೆದ.

ಶಿವರಾಮು ತಮ್ಮ ಅಂಗೈ ಮೇಲೆತ್ತಿದರು. ಅಲ್ಲೂ ಹಸಿರು ಹೆಪ್ಪು. ಅದನ್ನು ಬಾಯಿಗೆ ಹಾಕಿಕೊಂಡು ನುಂಗಿದರು.

"ಇದು ದಾಗಡಿ ಬಳ್ಳಿ. ಬೇಲಿಗಿಡ. ನಮ್ಮಜ್ಜಿ ಬೇಸಿಗೆಯಲ್ಲಿ ಇದಕ್ಕೆ ಸಕ್ಕರೆ ಬೆರೆಸಿ ತಂಪಿಗೆ ಅಂತ ಕೊಡೋರು. ನೀರಲ್ಲಿ ಹಿಚುಕಿದರೆ ತಾನಾಗಿಯೇ ಹೆಪ್ಪುಗಟ್ಟುತ್ತೆ. ಯಾರ ಕೈಯಾದರೂ ಸರಿ, ಲೋಟವಾದರೂ ಸರಿ." ಲೋಟವನ್ನು ಬಗ್ಗಿಸಿದರು. ಉಳಿದ ರಸ ಜಾರಲಿಲ್ಲ. "ಸದಾನಂದರೇ, ನಿಮ್ಮ ಹೊಟ್ಟೆಯಲ್ಲಿ ಮದ್ದಿಲ್ಲ. ನಿಮ್ಮ ರೋಗ ಸುಳ್ಳಲ್ಲ, ಅದರ ಕಾರಣ ಸುಳ್ಳು. ಸಾಯ್ತೀನಿ ಅಂತ ನೀವು ನಂಬಿದ್ರಿ. ಮೈ ನಿಮ್ಮ ಮಾತು ಕೇಳ್ತು."

ಸದಾನಂದರು ಲೋಟವನ್ನೇ ದಿಟ್ಟಿಸುತ್ತಿದ್ದರು. ಮಾನಸ ಕೈ ತೊಳೆದುಕೊಂಡಳು. ಹೊಟ್ಟೆಯ ತಿರುಚು ಆಗಲೇ ಮಾಯವಾಗಿತ್ತು.

"ಪಂಡಿತ ಬಂದದ್ದು ಬರಿಗೈಯಲ್ಲಿ. ಎಲೆ ಕಿತ್ತದ್ದು ನಿಮ್ಮದೇ ಹಿತ್ತಿಲಿನ ಬೇಲಿಯಿಂದ. ಅಲ್ಲಿಗೆ ದಾರಿ ಅಡುಗೆಮನೆಯೊಳಗಿಂದಲೇ. ಅಂದರೆ ಇದು ಮನೆಯೊಳಗಿನವರೇ ಹೂಡಿದ ಆಟ. ಯಾರು? ಐತಪ್ಪ ತನ್ನ ತಲೆಗೆ ತಾನೇ ಕಲ್ಲು ಹಾಕಿಕೊಳ್ಳಲ್ಲ. ಜಲಜಾಕ್ಷಮ್ಮ ಜೋರು ನಿಜ, ಆದರೆ ಪೂರ್ತಿ ನಂಬಿದ್ದಾರೆ. ನಂಬದೆ ಇದ್ದರೆ ಒಲೆ ಹೊತ್ತು ಮೇಲೆ ಬರ್ತಿದ್ರಾ? ಈ ಹುಡುಗಿಯೂ ಈಗ ನಡುಗಿದ್ದನ್ನು ನೋಡಿದ್ರಿ. ಐತಪ್ಪನ ಕೈಯದ್ದನ್ನು ಹೋಟೆಲಿನ ಹುಡುಗರೂ ಮುಟ್ಟದೆ ಇರೋವಾಗ, ಇವತ್ತು ಒಬ್ಬನು ಮಾತ್ರ ಬಜೆ ತಿಂದು ಕಾಫಿ ಕುಡಿದ."

ಸಂದೇಶ್ ತಲೆಯೆತ್ತಿದ. "ನಾನು ಇಂಥದ್ದನ್ನೆಲ್ಲ ನಂಬುದಿಲ್ಲ ಸಾರ್. ಅದು ತಪ್ಪಾ?"

"ತಪ್ಪಲ್ಲಪ್ಪ. ಆದರೆ ನಂಬದವನು ಐತಪ್ಪನನ್ನು ಊರಿಗೆ ಕಳಿಸಿ ಅಂತ ಯಾಕೆ ಹೇಳಬೇಕು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳೋನು ಕಳ್ಳ ಅಂತಾರೆ. ಇಲ್ಲಿ ತಿರುಗಾಮುರುಗಾ ಆಯ್ತು. ಕದಿಯದವರೆಲ್ಲ ಹೆಗಲು ಮುಟ್ಟಿಕೊಂಡ್ರು, ಕದ್ದವನು ಟವೆಲಿಗೆ ಕೈ ಒರೆಸಿದ. ಅಂಗೈಯಲ್ಲಿ ರಸ ಹೆಪ್ಪುಗಟ್ಟಿದಾಗ, ಓದಿರೋ ನಮ್ಮ ಮಾನಸ ಕೂಡ ಬೆಚ್ಚಿದಳು. ನಿನಗೆ ಆಶ್ಚರ್ಯ ಕೂಡ ಆಗಲಿಲ್ಲ. ಎಲ್ಲರ ಕೈಯಲ್ಲೂ ಹಾಗೇ ಆಗುತ್ತೆ ಅಂತ ನಿನಗೆ ಮೊದಲೇ ಗೊತ್ತಿತ್ತು."

ಸದಾನಂದರೇ ಕ್ಷೀಣವಾದ ದನಿಯಲ್ಲಿ ಕೇಳಿದರು. "ಹೌದಾ?"

ಸಂದೇಶ್ ಮೋರೆ ತಗ್ಗಿಸಿದ. "ಎಲ್ಲದಕ್ಕೂ ಐತಪ್ಪನನ್ನು ಕೇಳು ಅಂತ ಹೇಳ್ತಿದ್ರಿ ಮಾವ. ಒಂದು ಚಟ್ನಿ ಬದಲಿಸ್ಲಿಕ್ಕೂ ನನಗೆ ಅಧಿಕಾರ ಇರ್ಲಿಲ್ಲ. ಆ ಪಂಡಿತನಿಗೆ ಎಲೆ ಕೊಟ್ಟದ್ದು, ಅಮಾವಾಸ್ಯೆ ಅಂತ ಹೇಳಿಸಿದ್ದು ನಾನೇ. ಹೆದರಿ ಇವರನ್ನು ಬೇಗ ಕಳಿಸ್ತೀರಿ ಅಂತ. ಬರೀ ಮಾತಲ್ವಾ, ಮಾತಿಂದ ಯಾರು ಸಾಯ್ತಾರೆ ಅಂದ್ಕೊಂಡೆ. ನೀವು ಇವರನ್ನು ಕಳಿಸುದು ಬಿಟ್ಟು ಸಾಯ್ಲಿಕ್ಕೆ ಮಲಗಿದ್ರಿ."

"ಮತ್ತೆ ಯಾಕೆ ಹೇಳಲಿಲ್ಲ?" ಮಾನಸ ತಡೆಯಲಾರದೆ ಕೇಳಿದಳು. "ದಿನಾ ಕಣ್ಣೆದುರಿಗೇ ಒಣಗ್ತಾ ಇದ್ದರಲ್ಲ!"

ಜಲಜಾಕ್ಷಿ ಹೊಸ್ತಿಲಿಗೆ ಹೋಗಿ, ಐತಪ್ಪನ ಮುಖ ನೋಡಲಾರದೆ, ಸೆರಗು ಬಾಯಿಗೊತ್ತಿಕೊಂಡು ಅತ್ತರು. ಪೊಲೀಸರನ್ನು ಕರೆಯಬೇಕೋ ಬೇಡವೋ ಎಂದು ಶಿವರಾಮು ಕೇಳಿದ್ದಕ್ಕೆ ಸದಾನಂದರು ಕೈಯಾಡಿಸಿ ಬೇಡವೆಂದರು. ಆಮೇಲೆ ಹೊಸ್ತಿಲತ್ತ ನೋಡಿದರು.

"ಐತಪ್ಪ, ಗಂಜಿ ಉಂಟಾ?"

ಐತಪ್ಪ ಮೆಟ್ಟಿಲಿಳಿದು ಓಡಿದ. ಅವನೇ ಊದಿ ಊದಿ ಕೊಟ್ಟ ಮೊದಲ ಚಮಚೆ ಸದಾನಂದರ ಬಾಯಲ್ಲಿ ಬಹಳ ಹೊತ್ತು ನಿಂತಿತು. ಮಾನಸ ಉಸಿರು ಬಿಗಿಹಿಡಿದಳು. ಕೊನೆಗೆ ಗಂಟಲು ಅಲುಗಿತು, ಗಂಜಿ ಇಳಿಯಿತು. ಒಂದೇ ದಿನದಲ್ಲಿ ಸರಿಹೋಗುವುದಲ್ಲ, ನಿಧಾನಕ್ಕೆ ಕೊಡಬೇಕು, ಆಸ್ಪತ್ರೆಯವರು ನೋಡುತ್ತಿರಬೇಕು ಎಂದು ಅವಳು ಪ್ರಣಮ್ಯಾಳಿಗೆ ಹೇಳಿದಳು.

ಅಮಾವಾಸ್ಯೆ ಬಂತು, ಹೋಯಿತು. ಕೆಲವು ವಾರಗಳ ಮೇಲೆ ಮಾನಸ ಚಿಕ್ಕಪ್ಪನೊಡನೆ ಪಂಚಮಿ ಭವನಕ್ಕೆ ಹೋದಾಗ ಸದಾನಂದರು ಗಲ್ಲಾದಲ್ಲಿ ಕೂತಿದ್ದರು. ಮೂಲೆಯ ಮೇಜಿನಲ್ಲಿ ಸಂದೇಶ್ ಇದ್ದ. ಮಾವ ಅವನನ್ನು ಓಡಿಸಿರಲಿಲ್ಲ. ಆದರೆ ಅಂಗಿ ಅವನ ಮೈಮೇಲೆ ಜೋಲುತ್ತಿತ್ತು. ಐತಪ್ಪ ತಾನೇ ಹೊರಗೆ ಬಂದು ಅವನ ಮುಂದೆ ತಟ್ಟೆಯಿಟ್ಟ.

"ಉಣ್ಣು ಮಗ. ಮುಗಿದದ್ದು ಮುಗೀತು. ಎಷ್ಟು ದಿನ ಹೀಗೆ?"

ಸಂದೇಶ್ ತುತ್ತು ಕಲಸಿ ಬಾಯಿಯ ತನಕ ಎತ್ತಿದ. ಗಂಟಲು ಬಿಗಿಯಿತು. ಐತಪ್ಪನ ಮುಖ ನೋಡಿದವನು ತುತ್ತನ್ನು ಹಾಗೇ ತಟ್ಟೆಗೆ ಇಳಿಸಿದ.