ಮೂವತ್ತು ಡಿಗ್ರಿಯ ಏಟು

ಸೇಯಿನಿ ಲಾತುವನ್ನು ಮೊದಲು ನೋಡಿದ್ದು, ಅವನು ಅವಳ ಅಣ್ಣನ ಹಲ್ಲು ಉದುರಿಸುತ್ತಿದ್ದಾಗ.

ದ್ವೀಪದ ರಾಜಧಾನಿ ನುಕುಅಲೋಫಾದ ಬಸ್ ನಿಲ್ದಾಣದಲ್ಲಿ ಎರಡು ಶಾಲೆಗಳ ಹಳೆಯ ವಿದ್ಯಾರ್ಥಿಗಳು ಎಂದಿನಂತೆ ಬಡಿದಾಡುತ್ತಿದ್ದರು. ಶಾಲೆ ಬಿಟ್ಟು ವರ್ಷಗಳಾದರೂ ಆ ಹಗೆ ಮಾತ್ರ ಯಾರನ್ನೂ ಬಿಟ್ಟಿರಲಿಲ್ಲ. ಕಲ್ಲುಗಳು ಹಾರುತ್ತಿದ್ದವು, ಕಲ್ಲಂಗಡಿ ಮಾರುವವಳು ಎರಡೂ ಶಾಲೆಗಳನ್ನು ಬೈಯುತ್ತಾ ಮೇಜಿನಡಿ ಅಡಗಿದ್ದಳು. ಅಷ್ಟರಲ್ಲಿ ಎತ್ತರದ ಹುಡುಗನೊಬ್ಬ ಸೇಯಿನಿಯ ಅಣ್ಣ ಸೋಸೆಫೊನ ದವಡೆಗೆ ಗುದ್ದಿದ. ಸೋಸೆಫೊ ರಕ್ತ ಉಗುಳಿ ಅವನ ಕಣ್ಣಿಗೆ ತಿರುಗಿಸಿ ಗುದ್ದಿದ. ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದ ಸೇಯಿನಿಗೆ ಮೈಯೆಲ್ಲ ಉರಿದುಹೋಯಿತು.

ಸೋಮವಾರ ಚರ್ಚಿನ ಹಿಂದಿನ ಕಂಪ್ಯೂಟರ್ ಕೋಣೆಗೆ ಪ್ರೋಗ್ರಾಮಿಂಗ್ ಕಲಿಯಲು ಹೋದರೆ, ಪಾಠ ಹೇಳಲು ನಿಂತಿದ್ದವನು ಅವನೇ. ಎಡಗಣ್ಣು ಊದಿ ಬದನೆಕಾಯಿಯಾಗಿತ್ತು.

"ಕಣ್ಣಿಗೇನಾಯ್ತು ಸರ್?" ಎಂದಳು, ಏನೂ ಅರಿಯದವಳಂತೆ.

"ಬಾಗಿಲು ಬಡೀತು."

"ಆ ಬಾಗಿಲು ನಮ್ಮಣ್ಣ. ಹಲ್ಲಿಲ್ದೆ ಬರೀ ಸೂಪು ಕುಡೀತಿದಾನೆ."

ಲಾತುವಿನ ನೆಟ್ಟಗಿದ್ದ ಕಣ್ಣು ನೆಲ ನೋಡಿತು. ಆಮೇಲೆ ಮೆಲ್ಲಗೆ ಮೇಲೆದ್ದು ಅವಳನ್ನು ನೋಡಿತು. ಎರಡು ಕಣ್ಣಿನವರು ಯಾರೂ ಅವಳನ್ನು ಹಾಗೆ ನೋಡಿರಲಿಲ್ಲ. ಅವಳ ಸಿಟ್ಟು ಅರ್ಧ ಅಲ್ಲೇ ಇಳಿಯಿತು. ಮಿಕ್ಕರ್ಧವೂ ಆ ವಾರ ದಾಟಲಿಲ್ಲ, ಹಾಳಾದ್ದು.

ಅವನು ಗಣಿತದ ಲೈಬ್ರರಿಗಳನ್ನು ಕಲಿಸಿದ. ಯಾರೋ ಪುಣ್ಯಾತ್ಮರು ತಲೆ ಒಡೆದುಕೊಂಡು ಬರೆದಿಟ್ಟ ಲೆಕ್ಕಗಳವು, ಹೆಸರು ಹಿಡಿದು ಕರೆದರೆ ಬಂದು ಕೆಲಸ ಮಾಡಿಕೊಡುತ್ತವೆ ಎಂದ. ಒಂದು ದಿನ ಸೇಯಿನಿ ದೊಡ್ಡ ಸಾಲಿನ ಸಂಖ್ಯೆಗಳನ್ನೆಲ್ಲ ಒಂದೊಂದಾಗಿ ಗುಣಿಸುತ್ತಾ ಕೂತಿದ್ದಾಗ ಅವಳ ಹೆಗಲ ಮೇಲಿಂದ ಬಾಗಿದ.

"ಒಬ್ಬೊಬ್ಬನನ್ನೇ ಯಾಕೆ ಹೊಡೀತಿದೀಯ? ಲೈಬ್ರರಿನ ಕರಿ. ಇಡೀ ಸಾಲಿಗೆ ಒಂದೇ ಏಟು."

"ನಿಮಗೆ ಹೊಡೆದಾಟ ಬಿಟ್ರೆ ಬೇರೆ ಉದಾಹರಣೆನೇ ಬರಲ್ವಾ?"

"ಬರುತ್ತೆ. ಕ್ಲಾಸಲ್ಲಿ ಹೇಳೋ ಹಾಗಿಲ್ಲ."

ಅವಳ ಬೆರಳು ತಪ್ಪು ಕೀಲಿ ಒತ್ತಿತು. ಅವನು ನಕ್ಕ, ತುಟಿಯ ಗಾಯ ಬಿರಿದು ಒಂದು ಹನಿ ರಕ್ತ ಬಂತು, ಅವಳು ಕರವಸ್ತ್ರ ಕೊಟ್ಟಳು. ಅದು ಹಿಂದಕ್ಕೆ ಬರಲೇ ಇಲ್ಲ.

ಅವನು ಎಚ್ಚರಿಕೆಯನ್ನೂ ಹೇಳಿದ್ದ. ಲೈಬ್ರರಿ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತದೆ, ಕೇಳಿದ್ದು ತಪ್ಪು ಅಂತ ಮಾತ್ರ ಹೇಳುವುದಿಲ್ಲ. ಹಾಗಾಗಿ ಮೊದಲು ಉತ್ತರ ಗೊತ್ತಿರುವುದನ್ನು ಕೇಳಿ ಪರೀಕ್ಷಿಸು ಎಂದಿದ್ದ. ಸೇಯಿನಿ ಆಗ ಅವನ ತುಟಿಯ ಗಾಯವನ್ನು ನೋಡುತ್ತಿದ್ದಳು. ಮಾತು ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಯಿತು.

ಸೋಸೆಫೊ ಮೀನುಗಾರ. ಅವನ ದೋಣಿಯ ಜಿಪಿಎಸ್ ಉಪ್ಪುನೀರು ಕುಡಿದು ಸತ್ತಿತ್ತು. ಹವಳದ ಬಂಡೆಗಳ ನಡುವಿನ ಕಿರುದಾರಿಯಲ್ಲಿ ನೀರಿನ ಸೆಳೆತ ದೋಣಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಅದಕ್ಕೆ ತಕ್ಕಂತೆ ಮೂತಿಯನ್ನು ತಿರುಗಿಸಿಕೊಂಡೇ ನುಗ್ಗಬೇಕು. ಎಷ್ಟು ತಿರುಗಿಸಬೇಕೆಂದು ಹೇಳುವ ಪ್ರೋಗ್ರಾಂ ಒಂದನ್ನು ಸೇಯಿನಿ ಬರೆದಳು. ಲಾತುವಿಗೂ ತೋರಿಸಲಿಲ್ಲ. ಅವನ ಪಾಠದಿಂದ ಅಣ್ಣ ದಿನವೂ ಕ್ಷೇಮವಾಗಿ ದಡ ಸೇರಿದರೆ, ಒಂದಲ್ಲ ಒಂದು ದಿನ ಅವನನ್ನು ಮನೆಯೊಳಗೆ ಬಿಡಬಹುದು ಎಂಬ ಆಸೆ ಅವಳದು.

ಅಣ್ಣನ ಕೈಗೆ ತಾನೇ ಕೊಡುವಂತಿರಲಿಲ್ಲ. ಅಲ್ಲಿನ ರೂಢಿಯಂತೆ ಬೆಳೆದ ಅಣ್ಣತಂಗಿಯರು ಒಂದೇ ಕೋಣೆಯಲ್ಲಿ ಕೂರುವವರಲ್ಲ. ತಂಗಿ ಬಂದರೆ ಅಣ್ಣ ಎದ್ದು ಹೋಗುತ್ತಾನೆ, ಅವಳ ಕಿವಿಗೆ ಒರಟು ಮಾತಾಗಲಿ ಪ್ರೀತಿ ಪ್ರೇಮದ ಮಾತಾಗಲಿ ಬೀಳಿಸುವುದಿಲ್ಲ. ಹಾಗಾಗಿ ಪ್ರೋಗ್ರಾಂ ಹೇಳಿದ ಲೆಕ್ಕವನ್ನು ಬರೆದ ಚೀಟಿ ಕೊಟ್ಟವಳು ಅಮ್ಮ. ಇದು ಲಾತು ಕಲಿಸಿದ ವಿದ್ಯೆ ಎಂದು ಹೆಮ್ಮೆಯಿಂದ ಸೇರಿಸಿದವಳೂ ಅಮ್ಮನೇ.

ಮರುದಿನ ದೋಣಿ ಬಂಡೆಗೆ ಅಪ್ಪಳಿಸಿ ಎರಡು ಹೋಳಾಯಿತು. ಸೋಸೆಫೊ ಕಾಲು ಮುರಿದ ಜೊತೆಗಾರನನ್ನು ಅಲೆಗಳಲ್ಲಿ ಎಳೆದುಕೊಂಡು ದಡಕ್ಕೆ ಬಂದ. ಹವಳ ಅವನ ಬೆನ್ನನ್ನು ಮೀನು ಕೊಯ್ದ ಹಾಗೆ ಕೊಯ್ದಿತ್ತು.

ಸುದ್ದಿ ಕೇಳಿ ಸೇಯಿನಿ ಕಂಪ್ಯೂಟರ್ ಕೋಣೆಗೆ ಓಡಿದಳು. ಲಾತು ಪ್ರೋಗ್ರಾಂ ನೋಡಿದ. ಮೂವತ್ತು ಡಿಗ್ರಿಯ ಸೈನ್ ಎಷ್ಟು ಎಂದು ಲೈಬ್ರರಿಯನ್ನು ಕೇಳಿದ. ಅರ್ಧ ಬರಬೇಕಾದಲ್ಲಿ ಮೈನಸ್ ಒಂದರ ಹತ್ತಿರದ ಸಂಖ್ಯೆ ಬಂತು.

"ಇದಕ್ಕೆ ಡಿಗ್ರಿ ಗೊತ್ತಿಲ್ಲ ಸೇಯಿನಿ. ಕೋನಾನ ರೇಡಿಯನ್ ಅಳತೆಗೆ ಬದಲಾಯಿಸಿ ಕೊಡ್ಬೇಕಿತ್ತು. ಬಲಕ್ಕೆ ತಿರುಗಿಸೋ ಬದ್ಲು ಎಡಕ್ಕೆ ಅಂತ ಹೇಳ್ಬಿಟ್ಟಿದೆ."

"ನಾನು ಅಣ್ಣನ್ನ ಕೊಲ್ತಿದ್ದೆ."

ಅವನು ಉತ್ತರಿಸುವ ಮೊದಲೇ ಹೊರಗೆ ಪಿಕಪ್ ಲಾರಿ ಕಿರುಚಿ ನಿಂತಿತು. ಲಾತು ಅವಳನ್ನು ಹಿಂದಿನ ಅಡುಗೆಕೋಣೆಗೆ ತಳ್ಳಿ ಬಾಗಿಲೆಳೆದ.

ಸೋಸೆಫೊ ದೋಣಿಯ ಮುರಿದ ಹುಟ್ಟು ಹಿಡಿದು ಬಂದಿದ್ದ. ಬಸ್ ನಿಲ್ದಾಣದ ಸೇಡನ್ನು ಸಮುದ್ರದಲ್ಲಿ ತೀರಿಸಿಕೊಂಡೆಯಾ ಎಂದು ಬಾಯಿಗೆ ಬಂದಂತೆ ಬೈಯುತ್ತಾ ಕೇಳಿದ. ಲೆಕ್ಕ ತಪ್ಪಿಸಿದವನು ನೀನೇನಾ ಎಂದು ಕೇಳಿದ. "ಹೌದು, ನಾನೇ," ಎಂಬ ಲಾತುವಿನ ದನಿ ಬಾಗಿಲಾಚೆ ಸ್ಪಷ್ಟವಾಗಿ ಕೇಳಿತು.

ಮೊದಲ ಏಟಿಗೆ ಒಂದು ಕಂಪ್ಯೂಟರ್ ಪರದೆ ಚೂರುಚೂರಾಯಿತು. ಎರಡನೆಯದು ಲಾತುವಿನ ಹೆಗಲಿಗೆ ಬಿತ್ತು. ಮೂರನೆಯದಕ್ಕೆ ಅವನು ಅಡ್ಡ ಹಿಡಿದ ಕೈಯ ಬೆರಳುಗಳು ಮುರಿದ ಸದ್ದು ಸೇಯಿನಿಗೆ ಕೇಳಿಸಿತು. ಬಸ್ ನಿಲ್ದಾಣದಲ್ಲಿ ಹುಲಿಯಂತೆ ಹೊಡೆದಾಡಿದ್ದ ಹುಡುಗ ಇಂದು ತಿರುಗಿ ಒಂದೇಟೂ ಹೊಡೆಯುತ್ತಿರಲಿಲ್ಲ.

ಹೊರಗೆ ಬಂದರೆ ಅಣ್ಣನ ಬೈಗುಳವನ್ನೆಲ್ಲ ತಾನು ಕೇಳಿಸಿಕೊಂಡದ್ದು ಅವನಿಗೆ ತಿಳಿಯುತ್ತದೆ, ಆ ನಾಚಿಕೆ ಅವನನ್ನು ಸಾಯುವವರೆಗೂ ಬಿಡದು. ಬಾರದಿದ್ದರೆ ಲಾತು ಉಳಿಯುವುದಿಲ್ಲ. ಸೇಯಿನಿ ಬಾಗಿಲು ತೆರೆದು ಬಂದು, ನೆಲಕ್ಕೆ ಬಿದ್ದಿದ್ದ ಲಾತುವಿನ ಪಕ್ಕದಲ್ಲಿ ಗಾಜಿನ ಚೂರುಗಳ ಮೇಲೆಯೇ ಕುಳಿತಳು.

ಎತ್ತಿದ ಹುಟ್ಟು ಗಾಳಿಯಲ್ಲೇ ನಿಂತಿತು. ಸೋಸೆಫೊ ಮುಖವನ್ನು ಗೋಡೆಗೆ ತಿರುಗಿಸಿದ. ಅವನ ಕಿವಿಗಳು ಕೆಂಪಾದವು. ಹೊರಗೆ ಹೋಗಿ ಕಿಟಕಿಯಾಚೆ ಬೆನ್ನು ಹಾಕಿ ನಿಂತ. ಅಂಗಿಯ ಹಿಂಭಾಗ ರಕ್ತದಲ್ಲಿ ತೊಯ್ದಿತ್ತು.

"ಲೆಕ್ಕ ನಂದು ಅಣ್ಣ," ಎಂದಳು ಸೇಯಿನಿ ಕಿಟಕಿಗೆ ಕೇಳುವಂತೆ. "ತಪ್ಪೂ ನಂದೇ. ಇವ್ರಿಗೆ ಇವತ್ತೇ ಗೊತ್ತಾಗಿದ್ದು."

ಬೆನ್ನು ಅಲುಗಲಿಲ್ಲ. ಮಾತು ಮಾತ್ರ ಬಂತು. "ಮತ್ತೆ ಅವನ್ಯಾಕೆ ನಾನೇ ಅಂದ?"

ಸೇಯಿನಿ ಲಾತುವನ್ನು ನೋಡಿದಳು. ಅವನ ಹುಬ್ಬು ಒಡೆದಿತ್ತು, ನೋವಿನ ನಡುವೆಯೂ ಕಣ್ಣು ಅದೇ ಹಳೆಯ ರೀತಿಯಲ್ಲಿ ಮೇಲೆದ್ದು ಅವಳನ್ನೇ ನೋಡುತ್ತಿತ್ತು. ಅವಳಿಗೆ ಅಳು ಒತ್ತಿ ಬಂತು.

"ನೀವೇ ಹೇಳಿ ಸರ್, ಯಾಕಂದ್ರಿ?"

"ಕ್ಲಾಸಲ್ಲಿ ಹೇಳೋ ಹಾಗಿಲ್ಲ," ಎಂದ ಲಾತು, ರಕ್ತ ನುಂಗುತ್ತಾ.

"ಕ್ಲಾಸು ಮುಗೀತು."

"ನೀನಂದ್ರೆ ನಂಗೆ ಪ್ರಾಣ, ಸೇಯಿನಿ."

"ನಂಗೂ," ಎಂದಳು ಅವಳು, ಬೇಕೆಂದೇ ದನಿ ಏರಿಸಿ. "ಮದುವೆ ಅಂತ ಆದ್ರೆ ನಿನ್ನನ್ನೇ."

ಅಲೆಗೂ ಬಂಡೆಗೂ ಹೆದರದ ಸೋಸೆಫೊ ಈ ಮಾತಿಗೆ ಎರಡೂ ಕಿವಿ ಮುಚ್ಚಿಕೊಂಡು ಓಡಿದ. ಹುಟ್ಟು ಕಿಟಕಿಯ ಕೆಳಗೆ ಬಿದ್ದಿತ್ತು. ಸೇಯಿನಿ ಅಳುತ್ತಳುತ್ತಲೇ ನಕ್ಕಳು.

ಆದರೆ ಲಾರಿ ಹೋಗಲಿಲ್ಲ. ಹಾರ್ನ್ ಒಮ್ಮೆ ಕೂಗಿತು, ಮತ್ತೆ ಕೂಗಿತು. ಅವಳು ಲಾತುವನ್ನು ಎಬ್ಬಿಸಿ ನಡೆಸಿಕೊಂಡು ಬಂದಾಗ ಲಾರಿಯ ಮುಂದಿನ ಬಾಗಿಲು ತೆರೆದಿತ್ತು.

"ಆಸ್ಪತ್ರೆಗೆ," ಎಂದ ಸೋಸೆಫೊ, ರಸ್ತೆಯನ್ನೇ ನೋಡುತ್ತಾ.

ಮುಂದೆ ಅಣ್ಣನ ಪಕ್ಕ ಕೂರುವಂತಿಲ್ಲವಾದ್ದರಿಂದ ಸೇಯಿನಿ ಹಿಂದೆ ಹರಿದ ಬಲೆಗಳ ನಡುವೆ ಹತ್ತಿ ಕುಳಿತಳು. ಹಾಗಾಗಿ ಆ ಇಬ್ಬರು ವೈರಿಗಳು ಹೆಗಲಿಗೆ ಹೆಗಲು ತಾಗಿಸಿ ಕೂರಲೇಬೇಕಾಯಿತು. ಹಿಂಬದಿಯ ಗಾಜಿನಲ್ಲಿ ಅವಳಿಗೆ ಎರಡು ತಲೆಗಳು ಕಾಣುತ್ತಿದ್ದವು, ಮಾತು ಕೇಳುತ್ತಿರಲಿಲ್ಲ.

ಸೋಸೆಫೊನ ಕೈ ಥಟ್ಟನೆ ಲಾತುವಿನ ಕಡೆಗೆ ಎದ್ದಿತು. ಸೇಯಿನಿ ಗಾಜು ಬಡಿಯಲು ಮುಷ್ಟಿ ಎತ್ತಿದಳು. ಆ ಕೈ ಲಾತುವಿನ ಎದೆಯನ್ನು ದಾಟಿ, ಮುರಿದ ಬೆರಳುಗಳಿಂದ ಅವನಿಗೆ ಹಾಕಿಕೊಳ್ಳಲಾಗದ ಸೀಟ್‌ಬೆಲ್ಟನ್ನು ಎಳೆದು, ಜಾಗ್ರತೆಯಾಗಿ ಸಿಕ್ಕಿಸಿತು. ಆಮೇಲೆ ಲಾರಿ ನಿಧಾನವಾಗಿ, ಗುಂಡಿಗಳನ್ನು ತಪ್ಪಿಸುತ್ತಾ ಹೊರಟಿತು.