ಮೇಲಿನ ಮನೆಯ ಸದ್ದು

"ರೀ, ಮನೆಯೊಳಗೆ ಎತ್ತಿನ ಗಾಡಿ ಓಡಿಸ್ತಿದ್ದೀರಾ?"

ಬಾಗಿಲು ತೆರೆದವನ ಅರ್ಧ ಗಲ್ಲದ ಮೇಲೆ ಸೋಪಿನ ನೊರೆ ಇತ್ತು. ಕೈಯಲ್ಲಿ ರೇಜರು. ಅನುಪಮಾ ಅದ್ಯಾವುದನ್ನೂ ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ನಿದ್ದೆಗೆಟ್ಟ ಕಣ್ಣು, ಕೆದರಿದ ಜಡೆ, ಮೆಟ್ಟಿಲು ಹತ್ತಿ ಬಂದ ಏದುಸಿರು.

"ಬೆಳಗಿನ ಐದು ಗಂಟೆಗೇ ಶುರು. ಗುಡುಗುಡು ಅಂತ ನನ್ನ ನೆತ್ತಿ ಮೇಲೇ ಉರುಳುತ್ತೆ. ಕೆಳಗಡೆ ಮನುಷ್ಯರು ಮಲಗಿರ್ತಾರೆ ಅನ್ನೋದಾದ್ರೂ ಗೊತ್ತಾ ನಿಮಗೆ?"

ಅವನು ಹೊರಗೆ ಬಂದು, ಬೆನ್ನ ಹಿಂದೆ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡ. ಒಳಗಿನದೇನೋ ಇವಳಿಗೆ ಕಾಣಬಾರದು ಎನ್ನುವಂತೆ.

"ತಪ್ಪಾಯ್ತು ಕಣ್ರೀ. ಇನ್ಮೇಲೆ ಸದ್ದಾಗದಂಗೆ ನೋಡ್ಕೋತೀನಿ."

ಜಗಳಕ್ಕೆಂದೇ ಬಂದವಳಿಗೆ ಜಗಳ ಸಿಗಲಿಲ್ಲ. ಸಿಕ್ಕಿದ್ದು ಒಂದು ಜೋಡಿ ದಣಿದ ಕಣ್ಣು. ಮೆಟ್ಟಿಲಿಳಿಯುವಾಗ ಅವಳಿಗೆ ಯಾಕೋ ತಾನೇ ತಪ್ಪು ಮಾಡಿದಂತೆ ಅನ್ನಿಸಿತು...

ನಾಗರಬಾವಿಯ ಶ್ರೀನಿಧಿ ಎನ್‌ಕ್ಲೇವ್‌ಗೆ ಅನುಪಮಾ ಬಂದಿದ್ದು ಎರಡು ಸಾವಿರದ ಮೂರನೇ ಇಸವಿಯಲ್ಲಿ. ಊರು ತಿಪಟೂರಿನ ಹೊನ್ನವಳ್ಳಿ. ಕೆಲಸ ಮೆಜೆಸ್ಟಿಕ್ ಹತ್ತಿರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ. ಇರುವುದು ಅಕ್ಕ ಭಾವನ ಮನೆಯಲ್ಲಿ, ಮಲಗುವುದು ಅವರ ಹಾಲ್‌ನಲ್ಲಿ, ಸೋಫಾ ಪಕ್ಕದಲ್ಲಿ. ಟ್ಯಾಂಕರು ಬಂದರೆ ನೀರು, ಬರದಿದ್ದರೆ ಬಕೆಟ್ಟು. ಪಕ್ಕದ ಮನೆಯ ಟೀವಿ ಧಾರಾವಾಹಿ ಗೋಡೆಯಾಚೆಯಿಂದ ಪೂರ್ತಿ ಕೇಳುತ್ತಿತ್ತು. ಅವಳಿಗೆ ತನ್ನದು ಅಂತ ಇದ್ದದ್ದು ಬೆಳಗಿನ ಜಾವದ ಆ ಒಂದಿಷ್ಟು ನಿದ್ದೆ. ಅದೂ ಹೋದರೆ?

ಅಂದು ಬೆಳಗ್ಗೆ ಎಂದಿನಂತೆ ಬಸ್ಸು ತುಂಬಿಕೊಂಡೇ ಬಂತು. ಅವಳು ಹತ್ತಿ ಕಂಬಿ ಹಿಡಿದು ನಿಂತಳು. ಹೆಗಲ ಬ್ಯಾಗು ಯಾರದೋ ಬೆನ್ನಿಗೆ ತಾಗುತ್ತಿತ್ತು. ಆ ಹೆಂಗಸು ತಿರುಗಿ ತಿರುಗಿ ನೋಡುತ್ತಿದ್ದಳು.

ಹೆಂಗಸರ ಸೀಟುಗಳು ಮುಗಿಯುವಲ್ಲಿ, ಗಂಡಸರ ಮೊದಲ ಸೀಟಿನಿಂದ ಒಂದು ಕೈ ಚಾಚಿತು.

"ಬ್ಯಾಗ್ ಕೊಡಿ. ಇಟ್ಕೊಂಡಿರ್ತೀನಿ."

ಅವನೇ. ಮೇಲಿನ ಮನೆಯವನು. ಈಗ ಗಲ್ಲ ನುಣ್ಣಗಿತ್ತು. ಕೊಡಬಾರದು ಅಂದುಕೊಂಡಳು. ಬಸ್ಸು ಬ್ರೇಕು ಹಾಕಿತು. ಕೊಟ್ಟುಬಿಟ್ಟಳು.

ಅದೇ ಅಭ್ಯಾಸವಾಯಿತು. ಅವನ ಹೆಸರು ತಿಮ್ಮೇಶ್. ಚಿಕ್ಕಪೇಟೆಯ ಜವಳಿ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ಊರು ತುರುವೇಕೆರೆ ತಾಲ್ಲೂಕಿನ ದಂಡಿನಶಿವರ.

"ಅಯ್ಯೋ, ನಮ್ದು ಹೊನ್ನವಳ್ಳಿ ಕಣ್ರೀ. ಮೊದಲೇ ಗೊತ್ತಿದ್ರೆ ಆವತ್ತು ಸ್ವಲ್ಪ ಕಡಿಮೆ ಬೈತಿದ್ದೆ."

"ಬುಡಿ, ಬೈದಾಗ್ಲೇ ಗೊತ್ತಾಯ್ತು ನಮ್ ಕಡೆಯವರು ಅಂತ."

ಅವಳು ನಕ್ಕಳು. ಆ ಬಸ್ಸಿನಲ್ಲಿ ನಗುವಂಥದ್ದೂ ಒಂದು ಇದೆ ಎಂದು ಅವಳಿಗೆ ಗೊತ್ತಾಗಿದ್ದು ಅವತ್ತೇ.

ಮನೆಯ ಹತ್ತಿರವೇ ಸ್ಟಾಪಿದ್ದರೂ ಅವನು ಹಿಂದಕ್ಕೆ ನಡೆದು, ಬಸ್ಸು ಹೊರಡುವ ಜಾಗಕ್ಕೇ ಹೋಗಿ ಹತ್ತುತ್ತಿದ್ದ. "ಅಷ್ಟು ದೂರ ಯಾಕ್ರೀ ನಡೀತೀರಾ?" ಎಂದು ಒಮ್ಮೆ ಕೇಳಿದಳು.

"ಅಲ್ಲಿ ಹತ್ತಿದ್ರೆ ಸೀಟ್ ಸಿಗ್ತದೆ. ಸೀಟ್ ಸಿಕ್ಕಿದ್ರೆ ತಾನೆ ಬ್ಯಾಗ್ ಇಟ್ಕೊಳ್ಳೋದು?"

ಆಮೇಲೆ ಮೆಜೆಸ್ಟಿಕ್ ಬರುವವರೆಗೂ ಇಬ್ಬರೂ ಕಿಟಕಿಯಾಚೆಯೇ ನೋಡುತ್ತಿದ್ದರು.

ಆದರೆ ಸದ್ದು ಪೂರ್ತಿ ನಿಲ್ಲಲಿಲ್ಲ. ಕೆಲವು ದಿನ ಕಂಬಳಿಯ ಮೇಲೆ ಉರುಳಿದಂತೆ ಮೆತ್ತಗೆ ಕೇಳಿಸಿತು. ಆಮೇಲೆ ಮತ್ತೆ ಗುಡುಗುಡು. ಏನು ಅದು ಎಂದು ಕೇಳಿದರೆ ಅವನು ಮಾತು ಮರೆಸುತ್ತಿದ್ದ.

ಹೀಗಿರುವಾಗ ಒಂದು ಭಾನುವಾರ ಮೇಲಿನ ಬಾಲ್ಕನಿಯಿಂದ ಒದ್ದೆ ಸೀರೆಯೊಂದರ ನೀರು ಇವರ ಒಣಗಿದ ಬಟ್ಟೆಯ ಮೇಲೆಲ್ಲ ಸುರಿಯಿತು. ಕಿತ್ತಳೆ ಬಣ್ಣದ, ಹೂವಿನ ಹೊಸ ಸೀರೆ. ಜೊತೆಗೆ ಒಳಗಿನಿಂದ ಹೆಂಗಸಿನ ನಗು. "ಬಾ ಇಲ್ಲಿ..." ಎಂದು ಕರೆದ ದನಿ.

ಅನುಪಮಾ ಒದ್ದೆ ಬಟ್ಟೆಗಳನ್ನು ಹಿಡಿದು ನಿಂತೇ ಇದ್ದಳು.

'ಹೆಂಡ್ತಿ ಇದ್ದಾಳೆ. ಬಾಗಿಲು ಮುಚ್ಚಿಕೊಂಡಿದ್ದು ಅದಕ್ಕೇ. ದಿನಾ ನನ್ನ ಬ್ಯಾಗು ಮಡಿಲಲ್ಲಿಟ್ಟುಕೊಂಡು ಕೂತವನು ಒಂದು ಮಾತು ಹೇಳಲಿಲ್ಲ...'

ಅದೇ ಸಂಜೆ ಕೆಳಗಡೆ ಪಾರ್ಕಿಂಗಿನಲ್ಲಿ ಅಸೋಸಿಯೇಷನ್ ಮೀಟಿಂಗು. ಸೆಕ್ರೆಟರಿ ಗಂಗಯ್ಯನವರು ಟ್ಯಾಂಕರಿನ ವಿಷಯ ಮುಗಿಸಿ, ಯಾರ ಸ್ಕೂಟರು ಯಾರ ಜಾಗದಲ್ಲಿ ಎನ್ನುವ ಜಗಳ ಬಿಡಿಸಿ, ಕೊನೆಗೆ ಕೇಳಿದರು:

"ಇನ್ಯಾರದಾದ್ರೂ ಕಂಪ್ಲೇಂಟ್ ಐತೇನ್ರಪ್ಪ?"

"ನನ್ದಿದೆ ಸಾರ್," ಎಂದಳು ಅನುಪಮಾ. ದನಿ ಅವಳ ಹಿಡಿತದಲ್ಲಿರಲಿಲ್ಲ. "ನಮ್ಮ ಮೇಲಿನ ಮನೆ. ಬೆಳಗಿನ ಜಾವಕ್ಕೇ ಏನೋ ಉರುಳಿಸ್ತಾರೆ. ಹೇಳಿದ್ರೆ ಹ್ಞೂಂ ಅಂತಾರೆ, ಮತ್ತೆ ಅದನ್ನೇ ಮಾಡ್ತಾರೆ. ಇನ್ನೊಬ್ಬರ ಜೊತೆ ಬದುಕೋದು ಗೊತ್ತಿಲ್ಲದೋರು ಇಂಥ ಕಡೆ ಯಾಕ್ ಬರ್ಬೇಕು?"

ಕಂಬದ ಪಕ್ಕ ನಿಂತಿದ್ದ ತಿಮ್ಮೇಶ್ ಅವಳನ್ನೇ ನೋಡಿದ. ಬಹಳ ಹೊತ್ತು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ಅವರು ಹೇಳೋದು ಸರಿ ಸಾರ್," ಎಂದ. "ನಾವು ಮನೆ ಖಾಲಿ ಮಾಡ್ತೀವಿ."

ವಾರದೊಳಗೆ ಮೇಲಿನ ಮನೆಗೆ ಬೀಗ ಬಿತ್ತು. ಬಸ್ಸಿನ ಆ ಸೀಟಿನಲ್ಲಿ ಯಾರೋ ಪೇಪರು ಓದುತ್ತಾ ಕೂತಿದ್ದರು. ಅವಳ ಬ್ಯಾಗು ಮತ್ತೆ ಹೆಗಲಿಗೇ ಬಂತು.

ವಿಚಿತ್ರವೆಂದರೆ, ಈಗಲೂ ಐದು ಗಂಟೆಗೆ ಅವಳಿಗೆ ಎಚ್ಚರವಾಗುತ್ತಿತ್ತು. ಸೂರಿನ ಕಡೆ ನೋಡುತ್ತಾ ಕಾಯುತ್ತಿದ್ದಳು. ಅಲ್ಲಿ ಏನೂ ಇಲ್ಲ...

ರಜೆಯ ದಿನ ಅವಳು ಹಾಲಿನ ಪ್ಯಾಕೆಟ್ಟು ತರಲು ಹೊರಟಾಗ, ಮೆಟ್ಟಿಲು ಗುಡಿಸುವ ಕೆಂಪಕ್ಕ ಎದುರಾದಳು. ಅವಳ ಬುಟ್ಟಿಯಲ್ಲೊಂದು ಸುಲಿಯದ ಒಣಗಿದ ತೆಂಗಿನಕಾಯಿ.

"ನೋಡವ್ವ, ಮೇಲಿನ ಮನೆ ಅಜ್ಜಿ ಹೋಗೋವಾಗ ಕೊಟ್ಟೋಯ್ತು. ಒಳ್ಗಡೆ ಏನೋ ಅಲ್ಲಾಡ್ತದೆ. ಕೆಟ್ಟೋಗೈತೇನೋ?"

ಕೆಂಪಕ್ಕ ಕಾಯಿಯನ್ನು ಅಲ್ಲಾಡಿಸಿದಳು. ಗೊಟ ಗೊಟ.

ಅನುಪಮಾ ಮೆಟ್ಟಿಲ ಮೇಲೇ ಕೂತುಬಿಟ್ಟಳು.

ಆ ಸದ್ದು ಅವಳಿಗೆ ಗೊತ್ತಿತ್ತು. ಹೊನ್ನವಳ್ಳಿಯಲ್ಲಿ ಹುಟ್ಟಿದ ಯಾರಿಗೆ ತಾನೆ ಗೊತ್ತಿರುವುದಿಲ್ಲ? ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಟ್ಟು, ನೀರೆಲ್ಲ ಇಂಗಿತೇ ಎಂದು ಕಿವಿಗಿಟ್ಟು ಅಲ್ಲಾಡಿಸಿ ನೋಡುತ್ತಾರೆ. ಗೊಟ ಗೊಟ ಎಂದರೆ ಕೊಬ್ಬರಿ ಆಗಿದೆ ಎಂದರ್ಥ. ಅವಳಮ್ಮ ಬೆಳಗಿನ ಜಾವ ಅಟ್ಟ ಹತ್ತಿ ಕಾಯಿ ಉರುಳಿಸುವ ಸದ್ದಿನ ಕೆಳಗೇ ಅವಳು ಬೆಳೆದವಳು. ಮರದ ಅಟ್ಟದಲ್ಲಿ ಅದು ಜೋಗುಳದಂತಿತ್ತು. ಸಿಮೆಂಟಿನ ಸೂರಿನಡಿಯಲ್ಲಿ ಗುರುತೇ ಸಿಗಲಿಲ್ಲ.

"ಅಜ್ಜಿನಾ? ಯಾವ ಅಜ್ಜಿ, ಕೆಂಪಕ್ಕ?"

"ಆ ತಿಮ್ಮಣ್ಣನ ತಾಯಿ, ಸಿದ್ದಮ್ಮ. ಹಗಲೊತ್ತು ನಾನೇ ಜೊತೇಲಿ ಇರ್ತಿದ್ದೆ. ಪಾಪ, ನೆಪ್ಪು ಹೋಗ್ಬುಟ್ಟೈತೆ. ಬಂದ ಹೊಸದ್ರಲ್ಲಿ ಅಟ್ಟ ಎಲ್ಲಿ, ಅಟ್ಟ ಎಲ್ಲಿ ಅಂತ ಮನೆಯೆಲ್ಲ ಹುಡುಕೋದು, ಅಳೋದು. ಆಮೇಲೆ ಆ ಯಪ್ಪ ಊರಿಂದ ಒಂದು ಮೂಟೆ ಕಾಯಿ ತಂದು ರೂಮ್ನಾಗೆ ಸುರಿದ. ಅವತ್ತಿಂದ ಅಳು ನಿಲ್ತು."

"ಆ ಕಿತ್ತಳೆ ಸೀರೆ..."

"ಅದಾ? ಮಗ ಅಂಗ್ಡಿಯಿಂದ ತಂದುಕೊಟ್ಟಿದ್ದ. ಹೂವಿಂದು ಬೇಕು ಅಂತ ಹಟ ಮಾಡ್ತಂತೆ ಮುದ್ಕಿ." ಕೆಂಪಕ್ಕ ನಕ್ಕು, ಆಮೇಲೆ ನಗು ನುಂಗಿಕೊಂಡಳು. "ಈಗ ಊರ್ನಾಗೆ ಸೋದರಮಾವನ ಮನೇಲಿ ಬುಟ್ಟವ್ನೆ. ತಾನು ಅಲ್ಲೇ ಪಕ್ಕದ ಅಮ್ಮಸಂದ್ರ ಸ್ಟೇಷನ್ನಿಂದ ದಿನಾ ರೈಲ್ನಾಗೆ ಬಂದು ಹೋಗ್ತಾನಂತೆ. ನಿಂತ್ಕೊಂಡು ಬಂದು, ಹಗಲೆಲ್ಲ ಅಂಗ್ಡೀಲಿ ನಿಂತು, ಮತ್ತೆ ನಿಂತ್ಕೊಂಡು ಹೋಗೋದು. ಯಾರೋ ಮೀಟಿಂಗ್ನಾಗೆ ಏನೋ ಅಂದ್ರಂತಲ್ಲವ್ವ... ಯಾರದು?"

ಅನುಪಮಾ ಹಾಲು ತರುವುದನ್ನೂ ಮರೆತು ಮನೆಗೆ ತಿರುಗಿದಳು.

ಆ ಶನಿವಾರ ಅವಳು ಊರಿಗೆ ಹೋದಳು. ಭಾನುವಾರ ಬೆಳಗ್ಗೆ ತಿಪಟೂರಿನಿಂದ ತುರುವೇಕೆರೆಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ದಂಡಿನಶಿವರದಲ್ಲಿ ಇಳಿದಳು. ದಾರಿಯುದ್ದಕ್ಕೂ ತೆಂಗಿನ ತೋಟಗಳು ಹಿಂದಕ್ಕೆ ಸರಿಯುತ್ತಿದ್ದವು. ಅವಳ ಮನಸ್ಸಿನಲ್ಲಿದ್ದುದು ಒಂದೇ. ಕ್ಷಮಿಸದಿದ್ದರೂ ಸರಿ, ಒಮ್ಮೆ ಹೇಳಿಬಿಡಬೇಕು.

ಸೋದರಮಾವನ ಮನೆ ಕೇಳಿಕೊಂಡು ಹೋದರೆ, ತಿಮ್ಮೇಶ್ ಅಲ್ಲಿರಲಿಲ್ಲ. ಔಷಧಿ ತರಲು ಹೋಗಿದ್ದ. ಅವನ ಅತ್ತೆ ಹಸು ಕಟ್ಟುತ್ತಾ, "ಅವ್ವ ಅಟ್ಟದ ಮ್ಯಾಲೈತೆ, ಹೋಗಿ ಮಾತಾಡ್ಸು. ಕೆಳಗಿಳಿ ಅಂದ್ರೆ ಇಳಿಯಾಕಿಲ್ಲ," ಎಂದಳು.

ಅನುಪಮಾ ಏಣಿ ಹತ್ತಿದಳು. ಕಿತ್ತಳೆ ಸೀರೆಯ ಸಿದ್ದಮ್ಮ ಕಾಯಿಗಳ ನಡುವೆ ಕೂತಿದ್ದಳು. ಒಂದೊಂದನ್ನೂ ಕೂಸಿನಂತೆ ಎರಡೂ ಕೈಯಲ್ಲಿ ಎತ್ತಿ, ಕಿವಿಗಿಟ್ಟು, ಸದ್ದಾಗದಂತೆ ಕೆಳಗಿಡುತ್ತಿದ್ದಳು.

"ಯಾರವ್ವ ನೀನು? ಬಾ. ಇದು ಆಗೈತಾ ನೋಡು."

ಅನುಪಮಾ ಕಾಯಿ ಇಸಿದುಕೊಂಡು ಅಲ್ಲಾಡಿಸಿದಳು. ಒಳಗೆ ನೀರು ತುಳುಕಿತು. "ಇಲ್ಲ ಕಣವ್ವ. ಇನ್ನೂ ನೀರೈತೆ." ಎಂದು ಕೆಳಗಿಡುವಾಗ ಕೈ ಜಾರಿ, ಕಾಯಿ ಹಲಗೆಯ ಮೇಲೆ ಉರುಳಿತು.

ಸಿದ್ದಮ್ಮ ಗಾಬರಿಯಿಂದ ಅದನ್ನು ಹಿಡಿದು, ತುಟಿಯ ಮೇಲೆ ಬೆರಳಿಟ್ಟಳು.

"ಮೆಲ್ಲಕೆ ಕಣವ್ವ, ಮೆಲ್ಲಕೆ. ಕೆಳಗಡೆ ಒಂದು ಹುಡ್ಗಿ ಮಲಗವ್ಳೆ. ದಿನಾ ಬಸ್ನಾಗೆ ನಿಂತ್ಕೊಂಡು ಹೋಗ್ತಾಳಂತೆ. ನಿದ್ದೆ ಕೆಡಿಸ್ಬ್ಯಾಡ ಅಂತ ನಮ್ ತಿಮ್ಮ ಹೇಳವ್ನೆ."

ಕೆಳಗೆ ಯಾರೂ ಮಲಗಿರಲಿಲ್ಲ. ತಾನೆಲ್ಲಿದ್ದೇನೆ ಎನ್ನುವುದನ್ನೂ ಮರೆತ ಆ ಜೀವಕ್ಕೆ ಆ ಒಂದು ಮಾತು ಮಾತ್ರ ನೆನಪಿತ್ತು. ಅನುಪಮಾ ಸೆರಗಿನ ಮರೆಯಿಲ್ಲದೆ, ಆ ತಾಯಿಯ ಮುಂದೆಯೇ ಅತ್ತಳು. ಸಿದ್ದಮ್ಮ ಇವಳ ತಲೆ ಸವರುತ್ತಾ ಇನ್ನೊಂದು ಕಾಯಿ ಎತ್ತಿಕೊಂಡಳು.

ತಿಮ್ಮೇಶ್ ಬರುವ ಮೊದಲೇ ಬಸ್ಸಿಗೆ ಹೊತ್ತಾಗಿ ಅವಳು ಹೊರಡಬೇಕಾಯಿತು. ಸೋಮವಾರ ಬೆಳಗ್ಗೆ ಅನುಪಮಾ ತಿಪಟೂರಿನಲ್ಲಿ ಪ್ಯಾಸೆಂಜರ್ ರೈಲು ಹತ್ತಿದಳು. ಬಾಗಿಲ ಪಕ್ಕದ ಸೀಟು ಸಿಕ್ಕಿತು. ಅಮ್ಮಸಂದ್ರ ಬಂದಾಗ ಕಿಟಕಿಯಿಂದ ಕತ್ತು ಚಾಚಿ ನೋಡಿದಳು. ಜನರ ಹಿಂದೆ ಅವನು. ಇವಳ ಬೋಗಿಗೇ ನುಗ್ಗಿ, ಬಾಗಿಲ ಹತ್ತಿರ ಕಂಬಿ ಹಿಡಿದು ಕಣ್ಣು ಮುಚ್ಚಿ ನಿಂತ. ಎಷ್ಟು ಸೊರಗಿದ್ದಾನೆ...

ಅವನ ಪಕ್ಕ ನಿಂತಿದ್ದ ಇಬ್ಬರ ನಡುವಿನಿಂದ ಅನುಪಮಾಳ ಕೈ ಚಾಚಿತು.

"ಬ್ಯಾಗ್ ಕೊಡಿ. ಇಟ್ಕೊಂಡಿರ್ತೀನಿ."

ಅವನು ನಿದ್ದೆಗಣ್ಣಲ್ಲೇ ಕೊಟ್ಟ. ಆಮೇಲೆ ಬೆಚ್ಚಿ ನೋಡಿದ.

"ನೀವಾ? ನಿನ್ನೆ ಮನೆಗೆ ಬಂದಿದ್ದ ಹುಡ್ಗಿ..."

"ನಾನೇ. ಸದ್ದು ಏನು ಅಂತ ಗೊತ್ತಾಯ್ತು. ಸೀರೆ ಯಾರ್ದು ಅಂತಾನೂ ಗೊತ್ತಾಯ್ತು. ಹೆಂಡ್ತಿದು ಅಂದ್ಕೊಂಡಿದ್ದೆ. ಆ ಸಂಕಟಕ್ಕೆ ಅಷ್ಟು ಜನರ ಮುಂದೆ ಹಂಗಂದೆ."

ರೈಲು ಹೊರಟಿತು.

"ನೀವ್ಯಾಕೆ ಹೇಳಲಿಲ್ಲ ನಂಗೆ?"

"ಹೇಳಿದ್ರೆ ಅಯ್ಯೋ ಪಾಪ ಅಂತಿದ್ರಿ. ಎಲ್ರೂ ಅಂತಾರೆ. ನಿಮ್ ಬಾಯಲ್ಲಿ ಅದನ್ನ ಕೇಳೋಕೆ ಮನಸ್ಸಿರ್ಲಿಲ್ಲ."

"ಏನಪ್ಪಾ," ಎಂದರು ಅವಳ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, "ನಾನು ಗುಬ್ಬೀಲಿ ಇಳೀತೀನಿ. ಅಲ್ಲೀಗಂಟ ಜಗಳ ಮುಗಿಸ್ಕೊಳ್ಳಿ. ಆಮೇಲೆ ಕೂತ್ಕೊಂಡು ಮಾತಾಡೀರಂತೆ."

ಗುಬ್ಬಿಯಲ್ಲಿ ಅವರು ಇಳಿದರು. ತಿಮ್ಮೇಶ್ ಅವಳ ಪಕ್ಕ ಕೂತ. ಬ್ಯಾಗು ಇನ್ನೂ ಅವಳ ಮಡಿಲಲ್ಲೇ ಇತ್ತು.

"ಅವ್ವನ್ನ ವಾಪಸ್ ಕರ್ಕೊಂಡ್ ಬನ್ನಿ. ಮನೆ ಇನ್ನೂ ಖಾಲಿ ಇದೆ. ಗಂಗಯ್ಯನವರ ಹತ್ರ ನಾನೇ ಮಾತಾಡ್ತೀನಿ, ಮೀಟಿಂಗಲ್ಲೇ."

"ಮತ್ತೆ ಸದ್ದಾಗ್ತದೆ."

"ಆಗ್ಲಿ."

"ಕೆಳಗಡೆ ಮಲಗೋರಿಗೆ?"

"ಕೆಳಗಡೆ ಅಕ್ಕ ಇರ್ತಾಳೆ. ಬೈದ್ರೆ ಇಬ್ರೂ ಬೈಸ್ಕೊಳ್ಳೋಣ." ಅವಳು ಕಿಟಕಿಯಾಚೆ ನೋಡುತ್ತಾ ಮೆಲ್ಲಗೆ ಹೇಳಿದಳು. "ನಾನು ಮೇಲಿನ ಮನೇಲೇ ಇರ್ತೀನಿ. ಕಾಯಿ ಆಗೈತಾ ಅಂತ ನೋಡೋಕೆ ಅವ್ವಂಗೂ ಒಬ್ರು ಬೇಕಲ್ಲ."

ಅವನ ಕಣ್ಣು ತುಂಬಿತು. ಅದನ್ನು ಮರೆಸಲು ಬ್ಯಾಗಿನ ಕಡೆ ಕೈ ಚಾಚಿದ. "ಕೊಡಿ, ಭಾರ ಐತೆ. ದಿನಾ ಬೆಳಗ್ಗೆ ಒಂದು ಕಾಯಿ ಹಾಕಿ ಕಳಿಸ್ತಾಳೆ ಅವ್ವ. ನೋಡ್ಕೊಂಡ್ ಬಾ ಅಂತ."

ಅವಳು ಬ್ಯಾಗು ಕೊಡಲಿಲ್ಲ. ತೆರೆದು, ಟಿಫನ್ ಡಬ್ಬಿಯ ಪಕ್ಕದಿಂದ ಕಾಯಿಯನ್ನು ಎತ್ತಿ, ಕಿವಿಗಿಟ್ಟು ಅಲ್ಲಾಡಿಸಿದಳು. ರೈಲಿನ ಅಷ್ಟು ಸದ್ದಿನಲ್ಲೂ ಅದು ಕೇಳಿಸಿತು. ಅವನ ಕಿವಿಗೂ ಹಿಡಿದಳು.

"ಏನನ್ನುತ್ತೆ?" ಎಂದ ಅವನು.

"ಆಗೈತೆ," ಎಂದಳು.