ಹಳದಿ ದೀಪದಡಿಯ ಕೆಂಪು

ಮಾರ್ಚ್ ಹನ್ನೊಂದು, ಬೆಳಿಗ್ಗೆ 9.40. ರಾಸಾಯನಿಕ ಕಾರ್ಖಾನೆಯಲ್ಲಿ ಹಿಂದಿನ ದಿನ ಸುಟ್ಟು ಸತ್ತ ಉಗ್ರಾಣ ನೌಕರನ ಅಕ್ಕ ಠಾಣೆಗೆ ಬಂದಳು. ಹೊತ್ತಿಕೊಂಡ ಪೀಪಾಯಿಗೆ ಅವನೇ ನೀರು ಸುರಿದು ಸಿಡಿಸಿಕೊಂಡ ಎಂದು ಕಾರ್ಖಾನೆ ಕೈ ತೊಳೆದುಕೊಂಡಿತ್ತು.

"ಬೀಗ ಹಾಕಿದ ಮೇಲೂ ಮೂರು ಸಲ ಎಳೆದು ನೋಡೋನು ನನ್ನ ತಮ್ಮ. ಗೋಡೆ ಮೇಲಿನ ಚಾರ್ಟ್ ನೋಡದೆ ನೀರು ಹಾಕೋನಲ್ಲ," ಎಂದಳು. ಎಫ್‌ಐಆರ್ ದಾಖಲಾಯಿತು.

11.15ಕ್ಕೆ ಇನ್ಸ್‌ಪೆಕ್ಟರ್, ಪೇದೆ ಮತ್ತು ಪಂಚರು ಉಗ್ರಾಣ ಹೊಕ್ಕರು. ಬೆಳಕಿಗೆ ಕೆಡುವ ಸರಕಾದ್ದರಿಂದ ಕಿಟಕಿಯಿಲ್ಲ. ಮಂದ ಹಳದಿ ದೀಪವಷ್ಟೆ. ಚಾರ್ಟಿನಲ್ಲಿ ಪ್ರತಿ ಸರಕಿನ ಹೆಸರಿನ ಮುಂದೆ ಒಂದು ಕಂದು ಪಟ್ಟಿ. ಪಂಚನಾಮೆಗೆಂದು ಅದನ್ನು ಕಳಚಿ ಅಂಗಳಕ್ಕೆ ತಂದ ಪೇದೆ ನಿಂತಲ್ಲೇ ನಿಂತ.

"ಮೇಡಂ, ಇದರಲ್ಲಿ ಅರ್ಧ ಕೆಂಪು, ಅರ್ಧ ಹಸಿರು."

ಚಾರ್ಟಿನ ಅಡಿಬರಹದಂತೆ ಹಸಿರಿಗೆ ನೀರು ಹಾಕಬಹುದು, ಕೆಂಪಿಗೆ ಕೂಡದು. ಇನ್ಸ್‌ಪೆಕ್ಟರ್ ಚಾರ್ಟನ್ನು ಮತ್ತೆ ಒಳಗೊಯ್ದರು. ಎರಡೂ ಒಂದೇ ಮಣ್ಣುಬಣ್ಣ. ಕೆಂಪು ಕಾಣದ್ದರಿಂದಲೇ ನೌಕರ ನೀರು ಸುರಿದಿದ್ದ. ಆ ಮನುಷ್ಯ ಚಾರ್ಟ್ ನೋಡಿಯೇ ಸತ್ತಿದ್ದ.

ಚಾರ್ಟ್ ರೂಪಿಸಿದ್ದು ಕಾರ್ಖಾನೆಯ ವಿನ್ಯಾಸ ವಿಭಾಗದ ಮುಖ್ಯಸ್ಥ. ಅವನು ಕಡತ ತೆರೆದು ಸುರಕ್ಷತಾ ವಿಭಾಗದ ಸೂಚನಾ ಹಾಳೆ ತೋರಿಸಿದ. ಹೋದ ವರ್ಷದ ಜನವರಿಯ ತಾರೀಖು. ಕೆಂಪು, ಹಸಿರು ಎಂದಷ್ಟೇ ಬರಹ. ಅವರು ಕೇಳಿದ್ದನ್ನೇ ಕೊಟ್ಟಿದ್ದೇನೆ ಎಂದ.

ಸಂಜೆ 4ಕ್ಕೆ, ಚಾರ್ಟ್ ಅಚ್ಚು ಹಾಕಿದ್ದ ಮುದ್ರಣಾಲಯದ ಮಾಲೀಕ ಆ ಹಾಳೆಯನ್ನು ತಿರುಗಿಸಿ ನೋಡಿದ. "ಈ ಖಾಲಿ ಫಾರಂ ನಾನು ಅಚ್ಚು ಹಾಕಿ ಕೊಟ್ಟಿದ್ದೇ ಹೋದ ವಾರ. ಹೋದ ವರ್ಷದ ತಾರೀಖು ಹೇಗೆ ಬಂತು?"

ಚಾರ್ಟಿನ ಜೊತೆ ಆಗ ಬಂದಿದ್ದ ಅಸಲು ಹಾಳೆಯನ್ನು ಕಪಾಟಿನಿಂದ ತೆಗೆದುಕೊಟ್ಟ. 'ಹಳದಿ ದೀಪದ ಕೋಣೆ. ಬಣ್ಣವೊಂದನ್ನೇ ನಂಬಬೇಡಿ. ಕೆಂಪು ಪಟ್ಟಿಯ ಮೇಲೆ ದಪ್ಪ ಕಪ್ಪು ಗೆರೆ, ನೀರು ಬೇಡ ಎಂಬ ಅಕ್ಷರ ಕಡ್ಡಾಯ.' ಆ ಸಾಲುಗಳನ್ನು ನೀಲಿ ಪೆನ್ಸಿಲ್ಲಿನಿಂದ ಹೊಡೆದುಹಾಕಿ ಮುಖ್ಯಸ್ಥ ಸಹಿ ಮಾಡಿದ್ದ.

5.50ಕ್ಕೆ ಅವನ ಮೇಜಿನ ಮುಂದೆ ಇನ್ಸ್‌ಪೆಕ್ಟರ್ ಎರಡೂ ಹಾಳೆ ಇಟ್ಟರು.

"ನೀವು ತೋರಿಸಿದ ಈ ಹಾಳೆ ಯಾವಾಗ ಬರೆದಿದ್ದು?"

"ನಿನ್ನೆ. ಸುದ್ದಿ ಬಂದ ಮೇಲೆ."

"ಅಸಲು ಹಾಳೆಯ ಸಾಲು ಹೊಡೆದದ್ದು ಯಾಕೆ?"

"ಕಪ್ಪು ಗೆರೆ ಕಣ್ಣಿಗೆ ಚೆನ್ನಾಗಿರಲಿಲ್ಲ."

ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದದ್ದು, ಸಾಕ್ಷ್ಯ ತಿದ್ದಿದ್ದು ಎಂದು ಬಂಧಿಸಿದರು. ಹೇಳಿಕೆ ಕೊಡುವಾಗ ಅವನು ಹಳೆಯ ಸಭೆಯೊಂದರ ವಿಷಯ ತೆಗೆದ. ದಪ್ಪ ಗೆರೆಗಳಿದ್ದ ಅವನ ಮೊದಲಿನ ಚಾರ್ಟನ್ನು ನಿರ್ದೇಶಕರು ಎತ್ತಿ ಹಿಡಿದು, ಇದೇನು ಸರ್ಕಸ್ ಡೇರೆಯೇ ಎಂದಿದ್ದರಂತೆ. ಎಲ್ಲರೂ ನಕ್ಕಿದ್ದರು. ಸತ್ತವನ ಬಗ್ಗೆ ಹೇಳುವಾಗ ನಡುಗದ ದನಿ ಇಲ್ಲಿ ಒಡೆಯಿತು.

"ಅವರ ಜೊತೆ ನಾನೂ ನಗಬೇಕಾಯ್ತು," ಎಂದ.

ಪೇದೆ ಪೆನ್ನು ಎತ್ತಿ ಇನ್ಸ್‌ಪೆಕ್ಟರ್ ಮುಖ ನೋಡಿದ. ಅದನ್ನೂ ಬರೆದುಕೋ ಎಂದರು.